ಕೂತಕ್ಕೆ ಹೋದ ಭಾವ

ನಮ್ಮ ಭಾವನವರ ಬಲಮಂಡಿ ಬೇಲದ ಹಣ್ಣಿನಷ್ಟು ದಪ್ಪಗಿತ್ತು. ಎಡಮಂಡಿ ಎಲ್ಲರ ಮಂಡಿಯ ಹಾಗೆಯೇ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದವರು ಎದ್ದೇಳುವಾಗ ಆ ಮಂಡಿಯೊಳಗಿಂದ ಒಣ ಹುಣಸೆಕಾಯಿ ಮುರಿದಂತೆ ಟಕ್ ಎಂದು ಸದ್ದು ಬರುತ್ತಿತ್ತು. ಮೊಮ್ಮಕ್ಕಳಾದ ನೀವು ಚಿಕ್ಕವರಿದ್ದಾಗ ಒಬ್ಬರಾದ ಮೇಲೊಬ್ಬರು ಅದಕ್ಕೆ ಕಿವಿಯಿಟ್ಟು, "ತಾತ, ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಪೀಡಿಸುತ್ತಿದ್ದಿರಿ. ಅವರು ನಗುತ್ತಲೇ ಮಡಚಿ ತೋರಿಸುತ್ತಿದ್ದರು. ಅದು ನೋಯುತ್ತಿತ್ತು ಎಂದು ನಿಮಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಆ ಹೊತ್ತಿನಲ್ಲಿ ಅವರ ಕೈ ಜಗಲಿಯ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿತ್ತು.

ಭಾವ ಎಂದರೆ ನಿಮ್ಮ ತಾತನ ಅಣ್ಣ, ನಿಮಗೆ ದೊಡ್ಡ ತಾತ. ನಾನು ಹೆಚ್ಚು ಮಾತಾಡುವವಳಲ್ಲ. ಬರೆಯುವವಳಂತೂ ಅಲ್ಲವೇ ಅಲ್ಲ, ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತದ್ದಷ್ಟೇ. ಆದರೆ ಭಾವನವರನ್ನು ಹರೆಯದ ಕಾಲದಿಂದ ಕಂಡವರು ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಇನ್ಯಾರೂ ಉಳಿದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕುಣಿಗಲ್ ಕಡೆಯ ಹಳ್ಳಿಯಿಂದ ಬಂಗಾರಪೇಟೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಇಲ್ಲಿಯವರ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಹೊರಟ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಭಾವ ಆಗ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಆ ಕೆಲಸ ಸಿಕ್ಕಿದ್ದೇ ಕಬಡ್ಡಿಯಿಂದ. ಇಲ್ಲಿ ಅದಕ್ಕೆ ಚೆಡುಗುಡು ಎನ್ನುತ್ತಿದ್ದರು. ಉಸಿರು ಬಿಡದೆ ಎದುರಿನವರ ಕಡೆಗೆ ನುಗ್ಗಿ, ಯಾರನ್ನಾದರೂ ಮುಟ್ಟಿ, ಸಿಕ್ಕಿಬೀಳದೆ ವಾಪಸು ಬರುವುದಿದೆಯಲ್ಲ, ನೀವೀಗ ರೈಡು ಎನ್ನುತ್ತೀರಿ, ಅದಕ್ಕೆ ಇಲ್ಲಿಯವರ ಹೆಸರು 'ಕೂತ'. ತೆಲುಗಿನಲ್ಲಿ ಕೂತ ಎಂದರೆ ಕೂಗು. ನನಗೆ ಗೊತ್ತಿದ್ದ ಕನ್ನಡದಲ್ಲಿ ಕೂತ ಎಂದರೆ ಕುಳಿತುಕೊಂಡ, ಅಷ್ಟೇ.

ಬಂದ ತಿಂಗಳಲ್ಲೇ ಒಂದು ದಿನ ಮುಳಬಾಗಿಲು ಕಡೆಯ ಇಬ್ಬರು ಹಿರಿಯರು ಬಾಗಿಲಿಗೆ ಬಂದು ಭಾವನವರನ್ನು ಕೇಳಿದರು. ಹಿತ್ತಲಲ್ಲಿ ರಾಗಿ ಕೇರುತ್ತಿದ್ದ ಅತ್ತೆ ಅಲ್ಲಿಂದಲೇ, "ಕೂತಕ್ಕೋಗವ್ನೆ ಅಂತ ಏಳವ್ವಾ" ಎಂದರು. ನಾನು ಬಾಗಿಲ ಮರೆಯಲ್ಲಿ ನಿಂತು, "ಅವರು ಕೂತಿದ್ದಾರೆ" ಎಂದೆ.

"ಕೂತವ್ನಾ? ಇನ್ನ ಆಡಾಕಿಲ್ವಾ?"

ಏನು ಹೇಳಬೇಕೋ ತಿಳಿಯದೆ ತಲೆಯಾಡಿಸಿದೆ.

"ಅಯ್ಯೋ ದೇವ್ರೇ. ಕಾಲೇನಾರ ಓಯ್ತೇನಮ್ಮಾ?"

ನಾಚಿಕೆಯಲ್ಲಿ ಅದಕ್ಕೂ ತಲೆಯಾಡಿಸಿಬಿಟ್ಟೆ. ಅವರು ಲೊಚಗುಟ್ಟುತ್ತಾ ಹೋಗಿ ಭಾನುವಾರದ ಪಂದ್ಯಕ್ಕೆ ಬೇರೆ ಯಾರನ್ನೋ ಗೊತ್ತುಮಾಡಿಕೊಂಡರು.

ಸಂಜೆ ವಿಷಯ ತಿಳಿದಾಗ ಅತ್ತೆ ಹಣೆ ಚಚ್ಚಿಕೊಂಡರು. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ನಾನು ಜಗಲಿಯ ಕಂಬದ ಹಿಂದೆ ಅಳುತ್ತಾ ನಿಂತಿದ್ದೆ. ಭಾವ ನನ್ನ ಕಡೆ ನೋಡಲಿಲ್ಲ. ಕಂಬವನ್ನು ನೋಡಿಕೊಂಡು ಹೇಳಿದರು: "ಏ ಕಂಬ, ಏಳು ಜನ ಸೇರಿ ಇಡಿದ್ರೂ ನಾನು ಕೂರ್ಲಿಲ್ಲ. ಈವಮ್ಮ ಒಂದ್ಮಾತ್ಗೆ ಕೂರ್ಸ್‌ಬುಟ್ಳಲ್ಲೋ!"

ಅಳುತ್ತಿದ್ದವಳು ನಕ್ಕುಬಿಟ್ಟೆ. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಆ ಕಂಬದ ಮೂಲಕವೇ ನಡೆಯಿತು. "ಕಂಬಾ, ಮುದ್ದೆ ಆರೋಗ್ತದೆ." "ಕಂಬಾ, ನಾಳೆ ಎಮ್ಮೆ ಡಾಕ್ಟ್ರು ಬತ್ತಾರಂತೆ." ಊರವರು ನಗುತ್ತಿದ್ದರು. ನಮಗೆ ಅದೇ ಸರಿಹೋಯಿತು.

ಅವರು ಆಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ಚಿನ್ನ ತೆಗೆದ ಮೇಲೆ ಉಳಿದ ಗಣಿಮಣ್ಣು ಸುರಿದ ಸೈನೈಡ್ ದಿಬ್ಬದ ಕೆಳಗಿನ ಬಯಲಿನಲ್ಲಿ, ಹೆಂಗಸರ ಗುಂಪಿನ ಹಿಂದೆ ನಿಂತು. ಗೆರೆ ದಾಟುವ ಮೊದಲು ಚಿಟಿಕೆ ಮಣ್ಣು ತೆಗೆದು ಕುತ್ತಿಗೆಗೆ ಸವರಿಕೊಂಡರು. ಆಮೇಲೆ ಅವರ 'ಚೆಡುಗುಡು' ಜೇನಿನ ಗುಂಯ್ಗುಡಿತದಂತೆ ಸಣ್ಣಗೆ ಶುರುವಾಯಿತು. ಗಂಡಸರ ಗೋಡೆಯೊಳಗೆ ಒಂದು ಸಂದು ಕಂಡರೆ ಸಾಕು, ಭುಜ ಕೊಟ್ಟು ತೂರಿಕೊಂಡು ಹೋಗುತ್ತಿದ್ದರು. ಮೂವರು ಕಾಲಿಗೆ ಜೋತುಬಿದ್ದಿದ್ದರೂ ಎಳೆದುಕೊಂಡೇ ಬಂದು ಗೆರೆ ಮುಟ್ಟಿದರು. ಬಂದು ಇನ್ನೂ ಉಸಿರು ಎಳೆದುಕೊಂಡಿರಲಿಲ್ಲ, ಜನ "ಅವ್ನ್ನೇ ಕಳ್ಸು, ಅವ್ನ್ನೇ ಕಳ್ಸು" ಎಂದು ಕೂಗಿದರು. ಕ್ಯಾಪ್ಟನ್ ಅವರನ್ನೇ ಕಳಿಸಿದ. ಮತ್ತೆ ಅವರನ್ನೇ.

ಮೂವತ್ತು ತುಂಬುವ ಮೊದಲೇ ಆ ಮಂಡಿ ಹೋಯಿತು. ಒಂದೇ ಸಲಕ್ಕೆ ಹೋದದ್ದಲ್ಲ. ತಿರುಚಿತು, ಎಣ್ಣೆ ತೀಡಿಸಿಕೊಂಡು ಹೋದರು. ಮತ್ತೆ ತಿರುಚಿತು, ಪಟ್ಟಿ ಬಿಗಿದುಕೊಂಡು ಹೋದರು. ಮೂರನೆಯ ಸಲ ನಾಲ್ಕು ಜನ ಹೊತ್ತು ತಂದರು. ಆಮೇಲೆ ಗಣಿಯಲ್ಲಿ ಕೆಳಗಿಳಿಯುವವರಿಗೆ ದೀಪ ಎತ್ತಿಕೊಡುವ ಕೋಣೆಯಲ್ಲಿ ಸ್ಟೂಲು ಹಾಕಿ ಕೂರಿಸಿದರು. ಅವತ್ತು ಮನೆಗೆ ಬಂದು, "ಏ ಕಂಬ, ಆವಮ್ಮ ಅವತ್ತೇ ಏಳಿದ್ಲು ನೋಡು. ಕೂತ್ಬುಟ್ಟೆ" ಎಂದರು. ಆ ಸಲ ನಾನು ನಗಲಿಲ್ಲ.

ಅವರ ತಂಡ ಮಾತ್ರ ಆಡುತ್ತಲೇ ಇತ್ತು. ಹೊಸ ಕ್ಯಾಪ್ಟನ್ ಕೂತಕ್ಕೆ ಮೂವರನ್ನು ಸರದಿಯ ಮೇಲೆ ಕಳಿಸತೊಡಗಿದ. ಹಿಡಿಯುವವರನ್ನು ತಯಾರು ಮಾಡಿದ. ಜನ ಈಗ ಹಿಡಿಯುವವರಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ಭಾವ ಕೆಲವು ವರ್ಷ ಆ ಬಯಲಿನ ಕಡೆಗೇ ಹೋಗಲಿಲ್ಲ. ಆಮೇಲೆ ಏನಾಯಿತೋ, ಒಂದು ದಿನ ಜೇಬಿನ ತುಂಬಾ ಹುಣಸೆಬೀಜ ತುಂಬಿಕೊಂಡು ಹೊರಟರು. ಒಬ್ಬ ಹುಡುಗ ಒಂದು ಸಲ ಕೂತಕ್ಕೆ ಹೋದರೆ ಎಡಜೇಬಿನಿಂದ ಒಂದು ಬೀಜ ಬಲಜೇಬಿಗೆ. ಅಂದಿನಿಂದ ಎಲ್ಲಿ ಪಂದ್ಯವಾದರೂ ಇದೇ ಕೆಲಸ. ಯಾಕೆ ಎಂದು ಕಂಬವನ್ನು ಕೇಳಿದೆ.

"ನನ್ನ ಎಷ್ಟ್ ಸಲ ಕಳ್ಸಿದ್ರು ಅಂತ ಒಬ್ರೂ ಎಣಿಸ್ಲಿಲ್ಲ ಕಣೋ ಕಂಬ. ನಾನೂ ಎಣಿಸ್ಲಿಲ್ಲ."

ಗಣಿ ಮುಚ್ಚಿತು. ನನ್ನ ಓರಗಿತ್ತಿ, ಭಾವನ ಹೆಂಡತಿ, ತೀರಿಕೊಂಡರು. ನಿಮ್ಮ ತಾತನೂ ಹೋದರು. ಅವರು ಹೋದ ಮೇಲೆ ಆ ಕುಂಟುಮಂಡಿಯಲ್ಲೇ ದಿನವೂ ಬೆಳಿಗ್ಗೆ ಹಾಲಿನ ಕ್ಯಾನು ಡೈರಿಗೆ ಒಯ್ದವರು ಭಾವನೇ. ಕುಂಟುತ್ತಾ ಹೋಗಿ ಕುಂಟುತ್ತಾ ಬಂದು, "ಕಂಬಾ, ಕಾಫಿ" ಎನ್ನುತ್ತಿದ್ದರು.

ಇನ್ನು ಹೋದ ವರ್ಷದ ಮಾತು. ನಿಮ್ಮಲ್ಲಿ ದೊಡ್ಡವಳು ಬಂಗಾರಪೇಟೆಯ ಕಾಲೇಜಿನ ಕಬಡ್ಡಿ ತಂಡಕ್ಕೆ ಸೇರಿ ಎರಡು ವರ್ಷವಾಗಿತ್ತು. ದೊಡ್ಡ ತಾತನ ಹಾಗೆಯೇ ಕೂತಕ್ಕೆ ಹೋಗುವವಳು. ಆ ಮಳೆಗಾಲದಲ್ಲಿ ಅವಳ ಮಂಡಿ ಊದಿಕೊಂಡಿತು, ಅದೂ ಬಲಮಂಡಿಯೇ. ಡಾಕ್ಟರು ಎರಡು ವಾರ ಕಾಲು ಎತ್ತಿಟ್ಟು ಮಲಗು ಎಂದರು. ತಿಂಗಳೊಳಗೆ ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ಬರುವವರಿದ್ದರು. ಆ ತಂಡ ಸೇರಿದರೆ ಮುಂದೆ ಆಟದ ಕೋಟಾದಲ್ಲಿ ಕೆಲಸ ಸಿಗುತ್ತದೆ ಎಂಬುದು ಅವಳ ಆಸೆ.

ಮಲಗಿದಲ್ಲೇ ಮೊಬೈಲಿನಲ್ಲಿ ಅಮೆರಿಕದವರ ಫುಟ್‌ಬಾಲ್ ನೋಡುತ್ತಿದ್ದಳು. ನಾನೂ ಇಣುಕಿದೆ. ತಲೆಗೆ ಪಾತ್ರೆ ಬೋರಲು ಹಾಕಿಕೊಂಡು, ಭುಜಕ್ಕೆ ದಿಂಬು ತುರುಕಿಕೊಂಡ ಭಾರೀ ಗಂಡಸರು. ಹೆಸರು ಫುಟ್‌ಬಾಲ್, ಆದರೆ ಚೆಂಡನ್ನು ಒದ್ದಿದ್ದಕ್ಕಿಂತ ಕೈಯಲ್ಲಿ ಹಿಡಿದದ್ದೇ ಹೆಚ್ಚು. ಒಬ್ಬ ಮಾತ್ರ ಚೆಂಡನ್ನು ಕೂಸಿನಂತೆ ಎದೆಗೆ ಅವುಚಿಕೊಂಡು ನೇರವಾಗಿ ಜನರ ಗುಂಪಿಗೇ ನುಗ್ಗುತ್ತಿದ್ದ. ಸಂದು ಕಂಡಲ್ಲಿ ಭುಜ ಕೊಟ್ಟು ತೂರುತ್ತಿದ್ದ. ಇದನ್ನು ನಾನು ಸೈನೈಡ್ ದಿಬ್ಬದ ಕೆಳಗೆ ನೋಡಿದ್ದೆನಲ್ಲ!

"ಅವನು ಯಾರೇ?"

"ರನ್ನಿಂಗ್ ಬ್ಯಾಕ್ ಅಂತಾರೆ ಅಜ್ಜಿ."

"ಮುಂದಕ್ಕೆ ಓಡೋನಿಗೆ ಬ್ಯಾಕ್ ಅಂತ ಯಾಕೆ?"

"ಮೊದ್ಲು ಹಿಂದೆ ನಿಂತಿರ್ತಾನೆ, ಅದಕ್ಕೆ" ಎಂದು ನಕ್ಕಳು. ಆಮೇಲೆ ವಿವರಿಸಿದಳು. ಒಂದು ಕಾಲಕ್ಕೆ ತಂಡಕ್ಕೆ ಅವನೇ ರಾಜನಂತೆ. ಹೊಸ ಹುಡುಗರನ್ನು ಆರಿಸುವಾಗ ಮೊದಲು ಅಂಥವನನ್ನೇ ಹುಡುಕುತ್ತಿದ್ದರಂತೆ. ಆಮೇಲೆ ಚೆಂಡನ್ನು ದೂರ ಎಸೆದರೆ ಲಾಭ ಹೆಚ್ಚು ಎಂದು ಕಂಡುಕೊಂಡರು. ಓಡುವವನ ಮೈ ಕೆಲವೇ ವರ್ಷಕ್ಕೆ ಸವೆದುಹೋಗುತ್ತದೆ, ಹಳಬನಿಗೆ ಹೆಚ್ಚು ಸಂಬಳ ಕೊಡುವ ಬದಲು ಹೊಸಬನನ್ನು ತಂದರಾಯಿತು, ಇಲ್ಲವೇ ಇಬ್ಬರು ಮೂವರಿಗೆ ಹಂಚಿದರಾಯಿತು ಎಂದುಕೊಂಡರು. ಅವನ ಬೆಲೆ ಬಿದ್ದುಹೋಯಿತು. ಈಗ ಎದುರಿನವರೆಲ್ಲ ಎಸೆತ ತಡೆಯಲೆಂದು ದೂರ ದೂರ ನಿಲ್ಲತೊಡಗಿ, ನಡುವೆ ಮತ್ತೆ ದಾರಿ ತೆರೆದುಕೊಂಡಿದೆ. ಹಾಗಾಗಿ ಅವನ ಬೆಲೆ ಮತ್ತೆ ಏರುತ್ತಿದೆಯಂತೆ.

ಮನುಷ್ಯ ಅವನೇ, ಓಟ ಅದೇ. ಬೆಲೆ ಇಳಿಯುವುದೇಕೆ, ಏರುವುದೇಕೆ? ಎರಡು ದಿನ ಅದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಮೊಬೈಲನ್ನು ಭಾವನವರ ಪಕ್ಕದಲ್ಲಿಟ್ಟು, ಕಂಬದ ಹಿಂದೆ ನಿಂತು ಕೇಳಿಯೇಬಿಟ್ಟೆ.

ಭಾವ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಅದೇ ಓಟವನ್ನು ಹತ್ತು ಸಲ ನೋಡಿದರು. "ಥೂ, ಎಂಗ್ ಬಿದ್ದ ನೋಡ್ಲಾ" ಎಂದು ಅವನಿಗಾಗಿ ಮರುಗಿದರು. ಆಮೇಲೆ, "ಏ ಕಂಬ, ಇದ್ರಾಗೇನೈತೆ? ಊರಾಗೆ ಒಂದೇ ಬಾವಿ ಇದ್ದಾಗ ಬಿಂದಿಗೆ ಒರೋಳೇ ರಾಣಿ. ಮನೆಮನೆಗೆ ನಲ್ಲಿ ಬಂದ್ಮ್ಯಾಕೆ ಅವಳ್ನ ಯಾರ್ ಕೇಳ್ತಾರೆ? ನಲ್ಲಿ ಕೆಟ್ಟ ದಿನ ಮತ್ತೆ ಅವಳೇ ರಾಣಿ. ಅವಳು ಬದ್ಲಾಗ್ಲಿಲ್ಲ. ನೀರು ಬರೋ ದಾರಿ ಬದ್ಲಾಯ್ತು."

ನಾನು ಈ ಮನೆಗೆ ಇಪ್ಪತ್ತು ವರ್ಷ ನೀರು ಹೊತ್ತವಳು. ಬಾಯಿಂದ ಮಾತು ತಾನಾಗಿ ಬಂತು. "ರಾಣಿ ಸರಿ, ಕಂಬಾ. ಹೊತ್ತವಳ ಸೊಂಟ?"

ಭಾವನವರ ಕೈ ಮಂಡಿಯ ಮೇಲೆ ಹೋಯಿತು. ಆಮೇಲೆ ಒಳಮನೆಯಲ್ಲಿ ಕಾಲು ಎತ್ತಿಟ್ಟು ಮಲಗಿದ್ದ ಹುಡುಗಿಯ ಕಡೆ ಬಹಳ ಹೊತ್ತು ನೋಡಿದರು.

ಕಾಲಿನ ಊತ ಇಳಿದ ಮೇಲೆ ಅವಳು ಆಡಿದ ಮೊದಲ ಪಂದ್ಯಕ್ಕೆ ಭಾವ ಬೀಜ ತುಂಬಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಪಂದ್ಯ ಮುಗಿದಾಗ ಪಿ.ಟಿ. ಮೇಡಂ ಹತ್ತಿರ ಕುಂಟುತ್ತಾ ಹೋಗಿ, ಬಲಜೇಬಿನ ಬೀಜಗಳನ್ನು ಆಕೆಯ ಅಂಗೈಗೆ ಸುರಿದರು.

"ಇಪ್ಪತ್ತೆಲ್ಡು ಅವೆ ತಾಯಿ. ನಮ್ ಮಗು ಓಗಿದ್ದು. ಮಿಕ್ಕೋರೆಲ್ಲ ಸೇರಿ ಏಳು."

"ತಾತ, ಪಾಯಿಂಟ್ ತರೋಳು ಅವಳೇ ಅಲ್ವಾ? ಅವಳನ್ನ ಬಿಟ್ಟು ಯಾರನ್ನ ಕಳಿಸಲಿ?"

"ನಮ್ ಕ್ಯಾಪ್ಟನ್ನೂ ಇಂಗೇ ಅಂತಿದ್ದ" ಎಂದು ಭಾವ ಪಂಚೆಯನ್ನು ಮೇಲೆತ್ತಿ ಮಂಡಿ ತೋರಿಸಿದರು. ಹುಡುಗಿಯರೆಲ್ಲ ನೋಡುತ್ತಿದ್ದರು. ಪಂಚೆ ಗರಿ ಕೆಡದಂತೆ ನಡೆಯುವ ಮನುಷ್ಯ ಅವರು. ನಾನು ತಲೆ ತಗ್ಗಿಸಿದೆ. ಮೇಡಂ ಬೀಜಗಳನ್ನು ಕೆಳಗೆ ಚೆಲ್ಲದೆ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದರು.

ಆರಿಸುವವರು ಬಂದ ದಿನ ಮೇಡಂ ದೊಡ್ಡವಳನ್ನು ಎಂಟೇ ಸಲ ಕಳಿಸಿದರು. ಉಳಿದ ಹುಡುಗಿಯರಿಗೆ ಇನ್ನೂ ಅಭ್ಯಾಸವಿರಲಿಲ್ಲ. ತಂಡ ಸೋತಿತು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮನೆಗೆ ಬಂದವಳು ಬ್ಯಾಗು ಎಸೆದು, "ನಿಮ್ಮ ಬೆಲೆ ಹೋಯ್ತು ಅಂತ ನಂದೂ ಕಳೆದ್ರಲ್ಲ ತಾತ!" ಎಂದು ಕೂಗಿದಳು. ಭಾವ ಅವತ್ತು ಮುದ್ದೆ ಮುಟ್ಟಲಿಲ್ಲ.

ಅವಳು ಅವರೊಂದಿಗೆ ಮಾತು ಬಿಟ್ಟಳು. ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಲೋಟ ಹಿಡಿದು ಬಂದು, ಮುಖ ಆಚೆ ತಿರುಗಿಸಿಕೊಂಡು, "ಕಂಬ, ಕಾಫಿ ಬೇಕಾ ಅಂತ ಕೇಳು" ಎಂದಳು.

"ಈ ಮನೆ ಎಂಗುಸ್ರೆಲ್ಲ ಕಂಬದ್ ತಾವೇ ಮಾತಾಡ್ತಾರೆ. ನಾನೇನ್ಲಾ ಪಾಪ ಮಾಡ್ದೆ?" ಎಂದು ಭಾವ ಗೊಣಗಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲೇ ಕೂತು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಅವರ ಮಂಡಿಗೆ ಕಿವಿಯಿಟ್ಟಳು. ಅವರು ಮಡಚಿದರು. ಟಕ್. ಈ ಸಲ ಅವಳ ಕಣ್ಣು ಅವರ ಕೈ ಕಂಬವನ್ನು ಹಿಡಿದದ್ದನ್ನು ನೋಡಿತು. ಇನ್ನೊಂದ್ಸಲ ಎನ್ನಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಡೈರಿಯಿಂದ ಬಂದವರು ಕಂಬಕ್ಕೆ ಒರಗಿದರು. ಕಾಫಿ ತರುವಷ್ಟರಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು. ನಾನು ಆವತ್ತು ಮೊದಲ ಸಲ ಅವರ ಎದುರಿಗೆ ಬಂದು, ಅವರ ಮುಖ ನೋಡಿ, "ಭಾವ" ಎಂದು ಕರೆದೆ.

ಈ ವರ್ಷದ ಪಟ್ಟಿಯಲ್ಲಿ ದೊಡ್ಡವಳ ಹೆಸರು ಬಂದದ್ದು ನಿಮಗೆಲ್ಲ ಗೊತ್ತು. ಅವಳ ಜೊತೆ ಕೂತಕ್ಕೆ ಹೋಗುವ ಇನ್ನೊಬ್ಬ ಹುಡುಗಿಯ ಹೆಸರೂ ಇತ್ತು. ಆರಿಸುವವರು ನೋಡಲು ಬಂದಿದ್ದ ಪಂದ್ಯದಲ್ಲಿ ನಡೆದ ಒಂದು ವಿಷಯವನ್ನು ಮಾತ್ರ ದೊಡ್ಡವಳು ನಿಮಗೆ ಹೇಳಿ ನಗುತ್ತಾಳೆ, ನಾನು ಒಪ್ಪಿಕೊಳ್ಳುವುದಿಲ್ಲ. ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವತ್ತು ನನ್ನ ಸೆರಗಿನ ಗಂಟಿನಲ್ಲಿ ಹುಣಸೆಬೀಜ ಇದ್ದವು. ಅವಳು ಕೂತಕ್ಕೆ ಹೋದಾಗಲೆಲ್ಲ ಒಂದೊಂದಾಗಿ ಎಡಗೈಯಿಂದ ಬಲಗೈಗೆ ಹಾಕುತ್ತಿದ್ದೆ. ಹನ್ನೆರಡರವರೆಗೆ ಎಲ್ಲ ಸರಿಯಿತ್ತು. ಕೊನೆಗೆ ಅಂಕ ಸಮವಾಯಿತು. ಮೇಡಂ ಅವಳನ್ನೇ ಕಳಿಸಿದರು. ಮತ್ತೆ ಅವಳನ್ನೇ. ಸುತ್ತಲಿದ್ದವರು ಅವಳ ಹೆಸರು ಹಿಡಿದು ಕೂಗತೊಡಗಿದರು. ಮೂರನೆಯ ಸಲ ಅವಳು ಗೆರೆಯ ಕಡೆ ಬರುವಾಗ ಬಲಗಾಲು ಸ್ವಲ್ಪ ಎಳೆಯುತ್ತಿತ್ತು.

ಜನ್ಮದಲ್ಲಿ ನಾಲ್ಕು ಜನರ ನಡುವೆ ದನಿ ಎತ್ತದವಳು ನಾನು. ಹೇಗೆ ಎದ್ದೆನೋ ಗೊತ್ತಿಲ್ಲ. ಎದ್ದು ನಿಂತು, ಆ ಬಯಲೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ:

"ಓಗಿದ್ದು ಸಾಕು, ಕೂತ್ಕೊಳ್ಳೇ!"