ಬಿಸಿಲಿಗೆ ಮುಸುಕು ಹಾಕಿದ ದಿನ

ಮೇಸ್ತ್ರಿಯವರ ಅಂಗೈ ಸುಟ್ಟ ಜೋಳದ ರೊಟ್ಟಿಯ ಹಾಗಿತ್ತು, ಅಲ್ಲಲ್ಲಿ ಕಪ್ಪು ಚುಕ್ಕೆ. ಶಹಾಪುರದಲ್ಲಿ ನೀರಿನ ಮೋಟಾರು ರಿಪೇರಿ ಮಾಡುತ್ತ ಬಿದ್ದ ಕಲೆಗಳು. ವಯಸ್ಸಾದ ಮೇಲೆ ನಮ್ಮೂರು ಸಗರಕ್ಕೆ, ನಮ್ಮ ಪಕ್ಕದ ಮನೆಗೆ ಬಂದು ಸೋಲಾರ್ ಕೆಲಸ ಕಲಿತರು. "ಬಿಸಲು ನಮಗೇನ್ ಕಡಿಮಿ ಅದರಿ? ಬೈಕೋತ ಕೂಡೂ ಬದಲಿ ದುಡಿಸ್ಕೊಂಡ್ರಾತು" ಎನ್ನುವರು. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಅವರನ್ನೇ ಅಣ್ಣಾ ಎನ್ನುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಮಗಳು ಹೆರಿಗೆಗೆ ಬಂದಳು. ಹೆಣ್ಣು ಕೂಸು! ಮೊದಲ ಮೊಮ್ಮಗಳು! ಓಣಿಗೆಲ್ಲ ಸಕ್ಕರೆ ಹಂಚಿದೆ. ಆದರೆ ಅಂಥ ಬಿಸಿಲು ಲೋಕದಲ್ಲೇ ಹಿಂದೆ ಬಿದ್ದಿಲ್ಲವೆಂದು ಟೀವಿಯಲ್ಲಿ ಹೇಳುತ್ತಿದ್ದರು. ನಮ್ಮದು ತಗಡಿನ ಮನೆ. ಮಧ್ಯಾಹ್ನ ಕರೆಂಟ್ ಹೋದರೆ ಸಂಜೆಗೇ ಬರುವುದು. ಕೂಸಿನ ಮೈತುಂಬ ಬೆವರುಸಾಲೆ ಎದ್ದು ಹಾಲೂ ಬಿಟ್ಟಿತು.

ಅಣ್ಣ ಒಂದು ಸೋಲಾರ್ ಪ್ಲೇಟು, ಸಣ್ಣ ಫ್ಯಾನು ಹೊತ್ತು ತಂದರು. "ನಮ್ಮನ್ಯಾಗ ಇನ್ನೊಂದದ, ತಂಗಿ. ಇದು ಸುಮ್ನ ಬಿದ್ದಿತ್ತು." ಫ್ಯಾನು ತಿರುಗಿತು, ಕೂಸು ಹಾಲು ಕುಡಿದು ಮಲಗಿತು.

ಮೂರನೆಯ ದಿನ ನಡುಮಧ್ಯಾಹ್ನ ಏಣಿ ಹತ್ತಿ ತಗಡಿನ ಮೇಲಿನ ಪ್ಲೇಟು ಮುಟ್ಟಿದರೆ ಕಾದ ಹಂಚು! ನಮಗಾಗಿ ದುಡಿಯುವ ಜೀವ ಸುಡುತ್ತಿದೆಯಲ್ಲ ಎಂದು ಮರುಗಿ, ಗೋಣಿತಟ್ಟು ನೆನೆಸಿ ಹೊದಿಸಿದೆ. ಕೆಳಗಿಳಿಯುವಷ್ಟರಲ್ಲಿ ಫ್ಯಾನು ನಿಂತು, ಕೂಸು ಚೀರುತ್ತಿತ್ತು. ಅಣ್ಣ ಉಣ್ಣುವುದನ್ನು ಬಿಟ್ಟು ಓಡಿಬಂದರು. ತಟ್ಟು ಹಿಡಿದು ಇಳಿದವರು, "ಏನವ್ವ ತಾಯಿ, ಸೂರ್ಯಗ ಮುಸುಕು ಹಾಕೀಯಲ್ಲ!" ಎಂದರು.

"ಅದಕ್ಕೂ ಸುಡ್ತದಲ್ಲ, ಅಣ್ಣಾ."

ಅವರು ತಟ್ಟು ಕೆಳಗಿಟ್ಟರು. "ಖರೇ ಅದ. ಭಾಳ ಕಾದ್ರ ಅದಕ್ಕೂ ಕಸುವು ಕಡಿಮಿ ಆಗ್ತದ." ಮತ್ತೆ ಹತ್ತಿ, ಪ್ಲೇಟಿನ ಕೆಳಗೆ ಗಾಳಿಯಾಡಲೆಂದು ನಾಲ್ಕು ಇಟ್ಟಿಗೆ ಇಟ್ಟು ಎತ್ತರಿಸಿದರು. ಇಳಿದಾಗ ಅವರ ಅಂಗಿ ಹಿಂಡುವಂತಿತ್ತು.

ಚಳಿಗಾಲದಲ್ಲಿ ಅಣ್ಣ ತೀರಿಕೊಂಡರು. ಮಾತಾಡಿಸಲು ಹೋದಾಗ ಅತ್ತಿಗೆಯ ಮುಂದೆ, "ಆ ಇನ್ನೊಂದು ಪ್ಲೇಟು ಎಲ್ಲದರಿ? ನೀವು ಕೊಟ್ಟದ್ದನ್ನೂ ತಂದು ಅದರ ಬಾಜೂಕ ಇಡಸ್ತೀನಿ" ಎಂದೆ.

"ಇನ್ನೊಂದ್ ಎಲ್ಲಿದವ್ವ? ಇದ್ದದ್ದ ಒಂದು. ಆ ಬ್ಯಾಸಗಿ ನಾವು ಬೇವಿನ ಗಿಡದ ಬುಡಕ್ಕ ಕಳದ್ವಿ. ಕೂಸು ದೊಡ್ಡದಾಗಲಿ, ಇರ್ಲಿ ಬಿಡು."

ನಿನ್ನೆ ಮೊಮ್ಮಗಳು ಎದ್ದು ನಿಂತು ಕೈ ಚಾಚಿದಳು. ನನ್ನ ಹಿಗ್ಗು ಹೇಳತೀರದು! ಎತ್ತಿಕೊಂಡು ಪಕ್ಕದ ಮನೆಗೆ ಓಡಿದೆ. ಅವಳ ಮೊದಲ ನಾಲ್ಕು ಹೆಜ್ಜೆ ಅಣ್ಣನ ಅಂಗಳದಲ್ಲೇ ಇಡಿಸಿದೆ. ಅತ್ತಿಗೆ ಚಪ್ಪಾಳೆ ತಟ್ಟಿದರು. ನಾನು ಮಾತ್ರ, ಅಣ್ಣ ಹೊರಗೆ ಬರುವರೇನೋ ಎಂಬಂತೆ, ಒಳಬಾಗಿಲನ್ನೇ ನೋಡುತ್ತ ನಿಂತಿದ್ದೆ.