ಹಗೇವಿನೊಳಗಿನ ಚಿನ್ನದ ವಾಚು

ವಿದೇಶಿ ವಾಚು ಕೊಂಡಿಟ್ಟರೆ ಚಿನ್ನಕ್ಕಿಂತ ಬೇಗ ಬೆಲೆ ಏರುತ್ತದಂತೆ, ಕೊಳ್ಳಲೇ ಅಜ್ಜಿ ಎಂದು ಮೊಮ್ಮಗಳು ಕೇಳಿದಳು. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾಳೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟವಳು ಅವಳೇ, ಈಗ ಅನುಭವಿಸಲಿ. ನಮ್ಮ ಮನೆಯಲ್ಲೂ ಅಂಥದ್ದೊಂದು ವಾಚು ಇತ್ತು. ಅದಕ್ಕೆ ತೆತ್ತ ಬೆಲೆಯಲ್ಲಿ ನನ್ನ ಗಂಡನ ಕಿವಿಯ ಒಂದು ಚೂರೂ ಸೇರಿದೆ.

ಎಪ್ಪತ್ತರ ದಶಕದ ಮಾತು. ನಾನು ಸೇರಿದ ಮನೆ ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿತ್ತು. ಹೊಸ ಕಾನೂನು ಬಂದು ಯಾರ ಹೊಲ ಯಾರ ಪಾಲಾಗುತ್ತದೋ ಎಂದು ಮಾವನವರಿಗೆ ಜಮೀನಿನ ಮೇಲೆ ನಂಬಿಕೆಯೇ ಹೋಗಿತ್ತು. ಒಳ್ಳೆಯ ಜೋಡಿ ಎತ್ತು ಮಾರಿ, ಮದ್ರಾಸಿನ ಹಡಗಿನ ಮಾಲು ಸುಂಕ ತಪ್ಪಿಸಿ ತರುತ್ತಿದ್ದವನೊಬ್ಬನಿಂದ ಮುಳಬಾಗಿಲಿನಲ್ಲಿ ಚಿನ್ನದ ಪಟ್ಟಿಯ ವಾಚು ಕೊಂಡು ತಂದರು. ಕಟ್ಟಿಕೊಳ್ಳುವುದಕ್ಕಲ್ಲ, ಇಟ್ಟು ಬೆಲೆ ಏರಿದಾಗ ಮಾರುವುದಕ್ಕೆ. ಕಳ್ಳಮಾಲು ಹುಡುಕಿಕೊಂಡು ಅಧಿಕಾರಿಗಳು ಬರುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಅದನ್ನು ಹಿತ್ತಾಳೆ ಡಬ್ಬಿಗೆ ಹಾಕಿ ಹಿತ್ತಿಲ ಹಗೇವಿನಲ್ಲಿ ಹೂತಿಟ್ಟರು. ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ರಾಗಿಯೇ ಕೆಡದ ಕಡೆ ವಾಚು ಹೇಗೆ ಕೆಡುತ್ತದೆ ಎಂಬುದು ಮಾವನವರ ವಾದ.

ಅವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಿಗೆ ಕೂತರು. ಆಗಲೇ ಆ ವಾಚಿನ ಬೆಲೆ ಏರಿದೆ, ಇನ್ನೂ ಏರುತ್ತದೆ ಎಂದು ಮುಳಬಾಗಿಲಿನಲ್ಲಿ ಯಾರೋ ನಮ್ಮ ಯಜಮಾನರ ತಲೆಗೆ ತುಂಬಿದ್ದರು. ನನ್ನ ಕಣ್ಣೆಲ್ಲ ಬಾವಿಯ ಪಕ್ಕದ ಹಿಪ್ಪುನೇರಳೆ ತೋಟದ ಮೇಲೆ. ಅದರ ಕಡ್ಡಿಗಳನ್ನು ನೆಟ್ಟವಳು ನಾನು, ಅದರ ಸೊಪ್ಪಿನಲ್ಲಿ ರೇಷ್ಮೆ ಹುಳ ಮೇಯಿಸುತ್ತಿದ್ದವಳೂ ನಾನು. ತೋಟ ಕೈಬಿಟ್ಟರೆ ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ಬಗ್ಗಬೇಕು. ತೋಟವನ್ನೇ ಕೇಳಿ ಎಂದಿದ್ದಕ್ಕೆ ಯಜಮಾನರು ಕೆನ್ನೆಗೆ ಬಾರಿಸಿದರು. ನನ್ನ ಕೈಯಲ್ಲಿ ಮುದ್ದೆ ಕೋಲಿತ್ತು, ಬಿಸಿ ಹಿಟ್ಟು ಮೆತ್ತಿಕೊಂಡಿದ್ದದ್ದು. ಮೊಣಕಾಲ ಕೆಳಗಿನ ಮೂಳೆಗೇ ಬಿಟ್ಟೆ. ಮಾರನೆಯ ದಿನ ಪಂಚಾಯ್ತಿಗೆ ಕುಂಟುತ್ತಲೇ ಬಂದು ಕೂತರು.

ನಮ್ಮ ಕಡೆ ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಯಜಮಾನರ ಅಣ್ಣ, ನಮ್ಮ ಬಾವನವರು, ಒಂದು ಕಡೆ ತೋಟವಿಟ್ಟರು. ಇನ್ನೊಂದು ಕಡೆ ಗುಡ್ಡದ ಕಲ್ಲು ಹೊಲ, ಅದರ ಜೊತೆಗೆ ವಾಚು. ತಮ್ಮನ ಹೆಂಡತಿ ಹಟಮಾರಿ, ತೋಟ ಬಿಡುವವಳಲ್ಲ, ವಾಚು ತಾನಾಗಿ ನನ್ನ ಕೈಗೇ ಬರುತ್ತದೆ ಎಂದು ಅವರ ಎಣಿಕೆ. ಅವರಿಗೂ ಅದೇ ಹುಚ್ಚು ಹಿಡಿದಿತ್ತು.

ಪಾಲು ಮಾಡಿಸಲು ಬಂದಿದ್ದ ಊರ ಹಿರಿಯರು, ಯಾವುದಪ್ಪ ನಿನಗೆ ಎಂದು ಕೇಳಿದರು.

"ವಾಚಿನ ಪಾಲು ನಂದು" ಎಂದರು ಯಜಮಾನರು.

ಬಾವನವರ ಮುಖ ಬೂದಿಯಾಯಿತು. ಜಗುಲಿಯಿಂದ ನೆಗೆದವರೇ ತಮ್ಮನ ಕೂದಲು ಹಿಡಿದು ಕಂಬಕ್ಕೆ ಬಡಿದರು. ಯಜಮಾನರು ತಲೆಯಿಂದಲೇ ಗುದ್ದಿದರು, ಬಾವನವರ ಮುಂದಿನ ಹಲ್ಲು ಅಂಗಳಕ್ಕೆ ಬಿತ್ತು. ಅವರು ಉಗಿದ ರಕ್ತ ನನ್ನ ಸೀರೆಗೆ ಸಿಡಿಯಿತು. ಸೂರಿಗೆ ಸಿಕ್ಕಿಸಿದ್ದ ಸೊಪ್ಪು ಕೊಯ್ಯುವ ಕುಡುಗೋಲು ಯಾವಾಗ ಬಾವನವರ ಕೈಗೆ ಬಂತೋ ಕಾಣೆ, ಬೀಸಿದ್ದು ತಮ್ಮನ ಕುತ್ತಿಗೆಗೆ, ಹರಿದದ್ದು ಕಿವಿ. ಬಿಡಿಸಲು ಹೋದ ನನ್ನ ಜುಟ್ಟು ಹಿಡಿದು ಓರಗಿತ್ತಿ ಎಳೆದಳು. ನಾನು ಅವಳ ಕೈ ಕಚ್ಚಿದೆ. ನಮ್ಮಿಬ್ಬರಿಗೂ ಆ ವಾಚು ಬೇಕಿರಲಿಲ್ಲ. ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಬಾವನವರು ಹಿತ್ತಿಲಿಗೆ ಓಡಿ, ಹಾರೆ ಹಾಕಿ ಹಗೇವಿನ ಚಪ್ಪಡಿ ಎಬ್ಬಿಸಿದರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಆಮೇಲೆ ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಹಿರಿಯರು ಗಾಬರಿಯಲ್ಲಿ ತೆಲುಗಿಗೇ ತಿರುಗಿ, "ವದ್ದುರಾ, ಚಸ್ತಾವು" ಎಂದರು. ಬೇಡ ಕಣೋ, ಸಾಯುತ್ತೀಯ ಎನ್ನುವ ಆ ಮಾತು ಮುಗಿಯುವುದರೊಳಗೆ ಬಾವನವರು ಒಳಗೆ ಧುಮುಕಿದ್ದರು.

ಮೊದಲು ರಾಗಿ ಕೆದಕುವ ಸದ್ದು ಬಂತು. ಆಮೇಲೆ ಏನೂ ಇಲ್ಲ.

ಲಾಟೀನಿಗೆ ಹಗ್ಗ ಕಟ್ಟಿ ಇಳಿಸಿದೆ. ಅರ್ಧಕ್ಕೇ ಆರಿತು. ಈಗಷ್ಟೇ ಅಣ್ಣನ ಹಲ್ಲು ಉದುರಿಸಿದ್ದ ನಮ್ಮ ಯಜಮಾನರು, ಕಿವಿಯಿಂದ ರಕ್ತ ಸುರಿಸಿಕೊಂಡು, ಅಣ್ಣಾ ಎಂದು ಅಳುತ್ತಾ ಹಗೇವಿನತ್ತ ನುಗ್ಗಿದರು. ಕೈ ಹಿಡಿದರೆ ನಿಲ್ಲುವ ಜೀವವಲ್ಲ. ಅಲ್ಲೇ ಬಿದ್ದಿದ್ದ ಹಾರೆ ಎತ್ತಿ ಮೊಣಕಾಲ ಹಿಂದಕ್ಕೆ ಬಾರಿಸಿದೆ. ಬಿದ್ದರು. ಏಳದ ಹಾಗೆ ಬೆನ್ನ ಮೇಲೆ ಹತ್ತಿ ಕೂತೆ.

ಪಕ್ಕದ ಮನೆಯವರು ಹಿಪ್ಪುನೇರಳೆ ಕಡ್ಡಿಯ ಕಂತೆಗೆ ಹಗ್ಗ ಕಟ್ಟಿ, ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಮತ್ತೆ ಇಳಿಸಿದ ಲಾಟೀನು ಉರಿದ ಮೇಲೆ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಬಾವನವರನ್ನು ಮೇಲಕ್ಕೆ ಎಳೆಸಿದರು. ತುಟಿ ನೀಲಿ, ಬಾಯಿ ತುಂಬ ರಾಗಿ. ಕವುಚಿ ಹಾಕಿ ಬೆನ್ನಿಗೆ ಗುದ್ದಿ ಗುದ್ದಿದ ಮೇಲೆ, ಕೊನೆಗೆ ಅವರು ರಾಗಿ, ರಕ್ತ ಎಲ್ಲ ಕಕ್ಕಿಕೊಂಡು ಉಸಿರೆಳೆದರು. ಕಣ್ಣು ಬಿಡಲಿಲ್ಲ. ಡಬ್ಬಿ ಹಿಡಿದ ಮುಷ್ಟಿಯನ್ನೂ ಬಿಡಲಿಲ್ಲ.

ಆಗ ನಾನು ಎಲ್ಲರ ಎದುರಿಗೇ ಯಜಮಾನರನ್ನು ಕೇಳಿದೆ: "ಆರಿಸೋ ಹಕ್ಕು ಇನ್ನೂ ನಿಮ್ದೇ. ವಾಚು ಬೇಕಂದ್ರೆ ನಿಮ್ಮಣ್ಣನ ಬೆರಳು ಮುರಿದು ತಗೊಳ್ಳಿ. ಬೇಡ ಅಂದ್ರೆ ತೋಟ ಅನ್ನಿ."

ಅವರು ಆ ಬೆರಳುಗಳನ್ನು ನೋಡಿದರು. "ತೋಟ" ಎಂದರು.

ಡಬ್ಬಿಗೆ ತೇವ ಇಳಿದಿತ್ತು, ವಾಚಿನೊಳಗೆಲ್ಲ ತುಕ್ಕು. ಬಾವನವರು ಅದನ್ನು ಕೋಲಾರಕ್ಕೆ ಒಯ್ದರು, ಮಾಲೂರಿಗೆ ಒಯ್ದರು. ರಸೀದಿ ಇಲ್ಲದ ಮಾಲು ಎಂದು ಕೆಲವರು ಮುಟ್ಟಲಿಲ್ಲ, ಮುಟ್ಟಿದವರು ಪಟ್ಟಿಯ ಚಿನ್ನದ ತೂಕಕ್ಕೆ ಮಾತ್ರ ಕೇಳಿದರು. ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಎಂಬತ್ತರ ದಶಕದಲ್ಲೂ ಆ ಓಡದ ವಾಚು ಕಟ್ಟಿಕೊಂಡೇ ಮದುವೆಗಳಿಗೆ ಹೋಗುತ್ತಿದ್ದರು, ಗಂಟೆ ಕೇಳಿದವರಿಗೆ ಬೈಯುತ್ತಿದ್ದರು. ಅಂಥ ವಾಚಿಗೆ ಈಗ ಒಂದು ಮನೆಯ ಬೆಲೆಯಂತೆ. ಇರಬಹುದು. ಕೆಡದಂತೆ ಇಡುವುದು ಗೊತ್ತಿದ್ದವರಿಗೆ, ಕೊಳ್ಳುವವರನ್ನು ಬಲ್ಲವರಿಗೆ ಅದು ಆಸ್ತಿ. ನಮಗೆ ಬರುತ್ತಿದ್ದದ್ದು ರಾಗಿ ಇಡುವುದೊಂದೇ.

ಪಾಲಾದ ಮೇಲೆ, ಗುಡ್ಡದ ಹೊಲದಲ್ಲಿ ಏನೂ ಬೆಳೆಯದ ಒಂದು ವರ್ಷ, ಓರಗಿತ್ತಿ ತಾನೂ ಹುಳ ಮೇಯಿಸುತ್ತೇನೆಂದು ಸೊಪ್ಪು ಕೇಳಲು ಬಂದಳು. ನಾನು ಬೇಲಿ ಪಕ್ಕದ ಒರಟು ಎಲೆಯ ಸಾಲು ತೋರಿಸಿದೆ. ಅವಳು ಒಂದು ಎಲೆ ಕಿತ್ತು, ಬೆರಳಲ್ಲಿ ಮಡಿಸಿ ನೋಡಿ, ಇದನ್ನು ಮರಿ ಹುಳ ಮುಟ್ಟುವುದಿಲ್ಲ ಎಂದು ಬಿಸಾಡಿದಳು. ನನ್ನನ್ನು ಕೇಳದೆಯೇ ಬಾವಿಯ ಪಕ್ಕದ ಎಳೆ ಸೊಪ್ಪಿನ ಸಾಲಿಗೆ ನಡೆದಳು. ಕುಡುಗೋಲು ನನ್ನ ಕೈಯಲ್ಲೇ ಇತ್ತು. ಅದನ್ನು ಅವಳಿಗೇ ಕೊಟ್ಟೆ.