ರಾಣಿಯ ಕಾಲು ತಿಂದ ಗೆದ್ದಲು

ನಮ್ಮ ಎದುರು ಮನೆಯ ಕುಸುಮ ಮಿಸ್‌ಗೆ ಒಂದು ಕಾಯಿಲೆ. ತಪ್ಪು ಮಾತು ಕಿವಿಗೆ ಬಿದ್ದರೆ ತಿದ್ದದೆ ಇರಲಾರರು. ಜಯಲಕ್ಷ್ಮಿಪುರಂನ ನಮ್ಮ ರಸ್ತೆಯಲ್ಲಿ ಅವರಿಂದ ತಿದ್ದಿಸಿಕೊಳ್ಳದವರು ಯಾರೂ ಇಲ್ಲ. ಒಮ್ಮೆ ಬಚ್ಚಲಲ್ಲಿ ಜೇಡ ಕಂಡು ನಾನು, "ಅಯ್ಯಯ್ಯೋ, ಎಂಥದೋ ಕೀಟ!" ಎಂದು ಕಿರುಚಿದೆ. ಓಡಿ ಬಂದವರು ಪೊರಕೆ ಹುಡುಕುವ ಬದಲು, "ಕೀಟ ಅಲ್ಲ ಕಣ್ರೀ ಮಾಲಾ. ಕೀಟಕ್ಕೆ ಆರು ಕಾಲು, ಇದಕ್ಕೆ ಎಂಟು. ಎಣಿಸಿ ನೋಡಿ" ಎಂದರು. ಆ ಹೊತ್ತಿನಲ್ಲಿ ಎಣಿಸಲು ಅವರಿಗೇ ಸಾಧ್ಯ.

ಅವರು ಹೈಸ್ಕೂಲಿನ ವಿಜ್ಞಾನ ಟೀಚರ್. ಬೋರ್ಡಿನ ಮೇಲೆ ಎಷ್ಟು ಬರೆದರೂ ಆಹಾರ ಸರಪಳಿ ಮಕ್ಕಳ ತಲೆಗೆ ಹತ್ತುತ್ತಿಲ್ಲವೆಂದು ಹೋದ ದಸರೆಗೆ ಒಂದು ಉಪಾಯ ಹೂಡಿದರು. ಮನೆಯ ಗೊಂಬೆ ಮೆಟ್ಟಿಲ ಮೇಲೇ ಪಾಠ! ತಳದ ಮೆಟ್ಟಿಲಲ್ಲಿ ತಟ್ಟೆ ತುಂಬ ರಾಗಿ ಪೈರು. ಬಿಸಿಲಿನ ಬಲದಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುವ ಉತ್ಪಾದಕ ಅದು. ಅದರ ಮೇಲೆ ಪೈರು ಮೇಯುವ ಮಣ್ಣಿನ ಮಿಡತೆಗಳ ದಂಡು, ಆಮೇಲೆ ಮಿಡತೆ ನುಂಗುವ ಕಪ್ಪೆಗಳು, ಮತ್ತೂ ಮೇಲೆ ಎರಡೇ ಹಾವು, ತುದಿಯಲ್ಲಿ ಒಂಟಿ ಹದ್ದು. ಮೇಲೆ ಹೋದಷ್ಟೂ ಉಣ್ಣಲು ಸಿಗುವುದು ಕಡಿಮೆ, ಹಾಗಾಗಿ ಉಣ್ಣುವ ಬಾಯಿಗಳೂ ಕಡಿಮೆ.

ಮಿಸ್ ಅವರ ಅತ್ತೆ ಸರೋಜಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಪಟ್ಟದ ಗೊಂಬೆ ಕೂರೋ ಜಾಗದಲ್ಲಿ ಹದ್ದು ಕೂರಿಸ್ತೀಯೇನೇ?"

"ತುದೀಲಿರೋದು ಎಲ್ಲರನ್ನೂ ತಿನ್ನೋ ಪ್ರಾಣಿ ಅತ್ತೆ."

"ರಾಜ ಇನ್ನೇನ್ ಮಾಡ್ತಾನೆ?"

ಹದ್ದು ಪಕ್ಕಕ್ಕೆ ಸರಿಯಿತು.

ಪಟ್ಟದ ಗೊಂಬೆಗಳಾದ ಆ ರಾಜ ರಾಣಿ ಸರೋಜಮ್ಮನ ಮದುವೆಯಲ್ಲಿ ತವರಿನಿಂದ ಬಂದ ಜೋಡಿ. ನಂಜನಗೂಡಿನ ಕಡೆಯ ಒಕ್ಕಲು ಮನೆಯವರು, ಕೊಡಲು ಹೆಚ್ಚೇನೂ ಇರಲಿಲ್ಲ. ಓರಗಿತ್ತಿಯರು ಅದನ್ನೇ ಆಡಿಕೊಂಡು ನಗುತ್ತಿದ್ದ ಕಾಲದಲ್ಲಿ ಸರೋಜಮ್ಮ ಗೊಂಬೆ ತೋರಿಸಿ, "ರಕ್ತಚಂದನ ಕಣ್ರೀ, ನಮ್ಮಪ್ಪ ಮರ ತರ್ಸಿ ಕೆತ್ತಿಸಿದ್ದು" ಎಂದು ಬಾಯಿ ಮುಚ್ಚಿಸಿದ್ದರಂತೆ. ಇವತ್ತಿಗೂ ಗೊಂಬೆ ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ತವರಿನ ಮಾನವೆಲ್ಲ ಆ ಜೋಡಿಯಲ್ಲೇ ನಿಂತಿದೆ.

ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಸ್ಟೂಲ್ ಹಿಡಿದಿದ್ದವಳು ನಾನೇ. ಹಳೇ ಸೀರೆಯ ಸುತ್ತು ಬಿಚ್ಚುತ್ತಿದ್ದಂತೆ ಮಣ್ಣು ಉದುರಿತು. ರಾಜ ಕ್ಷೇಮ. ರಾಣಿಗೆ ಮೊಣಕಾಲಿನಿಂದ ಕೆಳಗೆ ಏನೂ ಇಲ್ಲ. ಗೆದ್ದಲು ಕೊರೆದ ಕಡೆ ಒಳಗಿನ ಮರ ಬೆಳ್ಳಗೆ ಕಾಣುತ್ತಿತ್ತು. ಕೆಂಪೆಲ್ಲ ಬರೀ ಮೇಲಿನ ಬಣ್ಣ.

"ತಿಂದ್ಬುಡ್ತು ಕಣೇ... ನಮ್ಮಪ್ಪನ ರಕ್ತಚಂದನವ ತಿಂದ್ಬುಡ್ತು" ಎಂದು ಸರೋಜಮ್ಮ ನೆಲದ ಮೇಲೇ ಕೂತುಬಿಟ್ಟರು.

ಮಿಸ್ ಬಾಯಿ ತೆರೆದರು. ರಕ್ತಚಂದನವನ್ನು ಗೆದ್ದಲು ಮುಟ್ಟುವುದಿಲ್ಲವೆಂದು ನಾನು ಕಪಾಟು ಕೊಳ್ಳುವಾಗ ಪಾಠ ಹೇಳಿದ್ದವರು ಇವರೇ. ಆದರೆ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅಂಥದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತು ಬಿಟ್ಟು ಮಿಸ್ ರಾಣಿಯನ್ನು ಎತ್ತಿ ರಾಗಿ ಪೈರಿನ ನಡುವೆ ನಿಲ್ಲಿಸಿದರು. ಇಲ್ಲದ ಕಾಲು ಹಸಿರಲ್ಲಿ ಮರೆಯಾಯಿತು. "ತಳ ಅಂದ್ರೆ ಕೀಳಲ್ಲ ಅತ್ತೆ. ಎಲ್ಲರಿಗೂ ಅನ್ನ ಹೋಗೋದೇ ಇಲ್ಲಿಂದ" ಎಂದರು. ಸರೋಜಮ್ಮ ಕಣ್ಣೊರೆಸಿಕೊಂಡರು. ಮಾರನೆಯ ದಿನ ಬಂದವರಿಗೆಲ್ಲ, "ರಾಜಂಗೇನು, ಮೇಲೆ ಕೂತವ್ನೆ. ರಾಣಿ ಹೊಲಕ್ಕೋಗವ್ಳೆ" ಎಂದು ತಾವೇ ನಗಿಸತೊಡಗಿದರು.

ಶನಿವಾರ ಸಂಜೆ ಮಿಸ್‌ನ ಕ್ಲಾಸಿನ ಮಕ್ಕಳ ದಂಡು ಬಂತು. ಯಾರು ಯಾರನ್ನು ತಿನ್ನುತ್ತಾರೆಂದು ತೋರಿಸುತ್ತ ಬೆರಳಲ್ಲೇ ಮೆಟ್ಟಿಲು ಹತ್ತಿ ಇಳಿದರು. ಕಪ್ಪೆ ತೆಗೆದುಬಿಟ್ಟರೆ ಹಾವು ಉಪವಾಸ, ಮಿಡತೆಗೆ ಹಬ್ಬ, ಪೈರು ಖಾಲಿ ಎಂದು ಒಬ್ಬ ಕೂಗಿದ. ಮಿಸ್ ಮುಖ ಅರಳಿತು. ಅಷ್ಟರಲ್ಲಿ ಅನನ್ಯ ಎಂಬ ಹುಡುಗಿ ಪೈರು ಸರಿಸಿ ನೋಡಿದಳು.

"ಮಿಸ್, ಗೆದ್ದಲು ತಿಂದಿದೆ! ಸತ್ತ ಮರಾನ ಮಣ್ಣು ಮಾಡೋ ವಿಘಟಕ!"

"ಹೂಂ ಕಣಮ್ಮ. ಅವು ಆ ಕೆಲ್ಸ ಮಾಡ್ದೇ ಇದ್ರೆ ಪೈರಿಗೆ ಗೊಬ್ಬರ ಎಲ್ಲಿಂದ?"

ಸರೋಜಮ್ಮ ಅಭ್ಯಾಸಬಲದಿಂದ, "ರಕ್ತಚಂದನ ಕಣಮ್ಮ ಅದು" ಎಂದುಬಿಟ್ಟರು.

"ರಕ್ತಚಂದನಾನ ಗೆದ್ದಲು ತಿನ್ನಲ್ಲ ಅಜ್ಜಿ. ಮಿಸ್ಸೇ ಹೇಳ್ಕೊಟ್ಟಿದ್ದು. ಅಲ್ವಾ ಮಿಸ್?"

ಎಲ್ಲರೂ ಮಿಸ್ ಕಡೆ ತಿರುಗಿದರು. ಮಿಸ್ ಮುಖ ಕೆಂಪಾಯಿತು.

"ತಿನ್ನಲ್ಲ, ನಿಜ," ಎಂದರು. "ಆದ್ರೆ ನಮ್ಮನೆ ಗೆದ್ದಲು ಸ್ಕೂಲಿಗೇ ಹೋಗಿಲ್ಲ ಕಣಮ್ಮ."

ಮಕ್ಕಳು ಗೊಳ್ಳೆಂದರು. ಚಕ್ಕುಲಿ ಬಂತು, ಗೆದ್ದಲು ಮರೆತುಹೋಯಿತು.

ಅವರೆಲ್ಲ ಹೋದ ಮೇಲೆ, ನಾನು ತಟ್ಟೆ ಎತ್ತಿಡುತ್ತಿದ್ದಾಗ, ಸರೋಜಮ್ಮ ಒಂದು ಕೊಬ್ಬರಿ ಮಿಠಾಯಿ ತಂದು ಸೊಸೆಯ ಅಂಗೈಗಿಟ್ಟರು. "ಅದು ಸಂತೆ ಗೊಂಬೆ ಕಣವ್ವ. ನಮ್ಮಪ್ಪನ ಕೈಲಿ ಆಗಿದ್ದೇ ಅಷ್ಟು. ನಂಗೊತ್ತಿತ್ತು. ನಿಂಗೂ ಗೊತ್ತಾಯ್ತು ಅಂತ ಪೆಟ್ಟಿಗೆ ಬಿಚ್ಚಿದ ದಿನಾನೇ ನಂಗೊತ್ತಾಯ್ತು."

ಮಿಸ್ ಮಿಠಾಯಿ ಮುರಿದು ಅರ್ಧವನ್ನು ಅತ್ತೆಯ ಬಾಯಿಗಿಟ್ಟರು. "ಏನತ್ತೆ ನೀವು! ಅದು ರಕ್ತಚಂದನಾನೇ."

ಕುಸುಮ ಮಿಸ್ ಬಾಯಿಂದ ನಾನು ಕೇಳಿದ ತಪ್ಪು ಮಾತು ಅದೊಂದೇ. ನಾನು ತಿದ್ದಲು ಹೋಗಲಿಲ್ಲ.